ಎಲ್ಲಿ ಇಳಿಯೋಣ

ಅಲ್ ನಹ್ದಾ, ದುಬೈ
ನವೆಂಬರ್ 2, 2024, ಶನಿವಾರ

ನಿರಂಜನ,

ನಿನ್ನ ಹೆಸರಿಗೆ ಮುಂಚೆ ಏನು ಸೇರಿಸಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ. ಬರೀ ಹೆಸರೇ ಇರಲಿ.

ನಿನ್ನ ಪುಸ್ತಕಗಳನ್ನು ನಿನ್ನ ಗೆಳೆಯ ಫ್ಲಾಯ್ಡ್‌ನ ಕಾರಿನಲ್ಲಿ ಕಳಿಸುತ್ತಿದ್ದೇನೆ, ಪತ್ರ ಅವುಗಳ ಮೇಲೆಯೇ ಇದೆ. ಈ ಮನೆಯ ಬಾಡಿಗೆ ಕರಾರು ಮುಂದುವರಿಸುವುದಾ ಎಂದು ಮೆಸೇಜಿನಲ್ಲಿ ಕೇಳಿದ್ದೀಯ. ಬೇಡ. ಜನವರಿಯಿಂದ ಅಲ್ ಐನ್‌ನ ಒಂದು ಶಾಲೆಯಲ್ಲಿ ಗಣಿತ ಕಲಿಸಲು ಒಪ್ಪಿಕೊಂಡಿದ್ದೇನೆ. ವೀಸಾ ಅವರೇ ಮಾಡಿಸುತ್ತಾರೆ. ಅಲ್ಲಿಯವರೆಗೆ ನಿನ್ನ ಹೆಸರಿನಲ್ಲಿರುವ ನನ್ನ ವೀಸಾ ರದ್ದು ಮಾಡಿಸಬೇಡ, ಇಷ್ಟು ನಡೆಸಿಕೊಡು.

ಇದನ್ನೆಲ್ಲ ಮೆಸೇಜಿನಲ್ಲೇ ಹೇಳಬಹುದಿತ್ತು. ಹೇಳದೆ ಉಳಿದದ್ದು ಬೇರೆ. ಸ್ವಿಟ್ಜರ್ಲೆಂಡಿನ ಆಲ್ಪ್ ಗ್ರ್ಯೂಮ್‌ನಲ್ಲಿ ನೀನು, ಯಾವಾಗ ಗೊತ್ತಾಯಿತು ಎಂದು ಕೇಳಿದಾಗ ನಾನು ಹೋದ ವಾರ ಎಂದೆ. ಅದು ಸುಳ್ಳು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನನಗೇ ಒಮ್ಮೆ ಸರಿಯಾಗಿ ಜೋಡಿಸಿಕೊಳ್ಳಬೇಕಾಗಿದೆ.

ಅಬುಧಾಬಿಯ ಕೆಲಸ ಸಿಕ್ಕ ಮೇಲೆ ಆರು ತಿಂಗಳು ನೀನು ದಿನಾ ಇಲ್ಲಿಂದ ಓಡಾಡಿದೆ. ಆಮೇಲೆ ಅಲ್ಲೇ, ನಿನ್ನ ಆಫೀಸಿನ ಫ್ಲಾಯ್ಡ್ ಮತ್ತು ಅವನ ಹೆಂಡತಿ ಆಶ್ಲೆಯ ಮನೆಯಲ್ಲಿ ಒಂದು ರೂಮು ಹಿಡಿದೆ. ವಾರದ ಕೊನೆಗೆ ಬರುತ್ತಿದ್ದವನು ಬರಬರುತ್ತಾ ಶನಿವಾರ, ಭಾನುವಾರವೂ ಆಫೀಸು ಎನ್ನತೊಡಗಿದೆ. ಮದುವೆಯಾಗಿ ಹನ್ನೊಂದು ವರ್ಷ. ಎಸಿ ರಿಪೇರಿ ಬಿಟ್ಟರೆ ಮಾತಾಡಲು ಏನೂ ಉಳಿದಿರಲಿಲ್ಲ. ಅದಕ್ಕೇ ಜೂನ್‌ನಲ್ಲಿ ನಾನು ಸ್ವಿಟ್ಜರ್ಲೆಂಡಿನ ಮಾತೆತ್ತಿದೆ. ಅಕ್ಟೋಬರ್‌ನಲ್ಲಿ ಜ್ಯೂರಿಕ್‌ನಿಂದ ಮಿಲಾನ್‌ಗೆ ರೈಲು, ನಡುವೆ ಬೆಟ್ಟದಲ್ಲಿ ಎಲ್ಲಾದರೂ ಒಂದು ದಿನ ಇಳಿದುಕೊಳ್ಳುವುದು.

ನಿನಗೆ ಆಲ್ಪ್ ಗ್ರ್ಯೂಮ್ ಬೇಕಿತ್ತು. ಎದುರಿಗೆ ಹಿಮನದಿ, ರಸ್ತೆಯಿಲ್ಲ, ಊರಿಲ್ಲ, ರೈಲು ಹೊರಟರೆ ನಿಲ್ದಾಣ ಮತ್ತು ನಾವು ಅಷ್ಟೇ. ನನಗೆ ಅಲ್ಲಿಂದ ಕೆಳಗಿನ ಕಣಿವೆಯ ಪೊಸ್ಕಿಯಾವೊ. ಅಲ್ಲಿ ಚೌಕ, ಚರ್ಚು, ಬೇಕರಿ, ಜನ ಎಲ್ಲ ಉಂಟು. ದಿನಾ ಸಂಜೆ ನೀನು ಫೋನ್ ಮಾಡಿ, "ಏನ್ ಮೇಡಂ, ಎಲ್ಲಿ ಇಳಿಯೋಣ?" ಅನ್ನುತ್ತಿದ್ದೆ. ಲಾರ್ಚ್ ಮರಗಳು ಯಾವ ವಾರ ಹಳದಿಯಾಗುತ್ತವೆ, ರೈಲಿನ ಯಾವ ಕಡೆಯ ಕಿಟಕಿ ಒಳ್ಳೆಯದು ಎಂದು ವಾದ ಮಾಡುತ್ತಿದ್ದೆವು. ನಗುತ್ತಿದ್ದೆವು, ನಿರಂಜನ.

ಆಗಸ್ಟ್‌ನಲ್ಲಿ ಒಂದು ಭಾನುವಾರ ಇಲ್ಲೇ ದುಬೈನ ಅಲ್ ಬರ್ಷಾದ ಮಾಲ್‌ನಲ್ಲಿ ಆಶ್ಲೆ ಸಿಕ್ಕಳು. "ಹೊಸ ಫ್ಲ್ಯಾಟ್ ಹೇಗುಂಟು ಮಾರಾಯ್ತಿ? ನಿರಂಜನ್ ನಮ್ಮಲ್ಲಿಂದ ಹೋಗಿ ಐದು ತಿಂಗಳಾಯ್ತಲ್ಲ, ಒಂದು ಸಲ ಊಟಕ್ಕಾದ್ರೂ ಕರೀಲಿಲ್ಲ ನೀವು" ಎಂದಳು. ಚೆನ್ನಾಗಿದೆ ಎಂದೆ. ಯಾವ ಬಿಲ್ಡಿಂಗ್ ಎಂಬುದನ್ನು ಅವಳ ಬಾಯಿಂದಲೇ ಹೊರಡಿಸಿದೆ.

ಮುಂದಿನ ಶನಿವಾರ ಬಸ್ಸು ಹತ್ತಿ ಅಬುಧಾಬಿಗೆ ಬಂದೆ. ನಿನ್ನ ಕಟ್ಟಡದ ಎದುರಿನ ಕೆಫೆಟೇರಿಯಾದಲ್ಲಿ ಗಾಜಿನ ಪಕ್ಕ ಕುಳಿತೆ. ಇನ್ನೊಬ್ಬ ಹೆಂಗಸನ್ನು ನೋಡಲೆಂದೇ ಬಂದಿದ್ದೆ. ಅವಳ ವಯಸ್ಸು, ಅವಳ ಕೂದಲು ಎಲ್ಲವನ್ನೂ ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ನೀನು ಒಬ್ಬನೇ ಬಂದೆ, ಕೈಯಲ್ಲಿ ಬ್ರೆಡ್ಡು, ಒಂದು ಹೂಕೋಸು. ಸ್ವಲ್ಪ ಹೊತ್ತಿಗೆ ಮೊದಲ ಮಹಡಿಯ ಬಾಲ್ಕನಿಗೆ ಬಂದು ಟವೆಲ್ ಹರವಿದೆ. ಸಿಳ್ಳೆ ಹಾಕುತ್ತಿದ್ದೀಯ ಎಂದು ತುಟಿ ನೋಡಿಯೇ ತಿಳಿಯಿತು. ನಾಲ್ಕು ಗಂಟೆ ಕಾದೆ. ಯಾರೂ ಬರಲಿಲ್ಲ. ಇನ್ನೊಬ್ಬಳಿದ್ದಿದ್ದರೆ ಅವಳ ಮೇಲಾದರೂ ರೇಗಬಹುದಿತ್ತು. ನೀನು ನನ್ನನ್ನು ಯಾರಿಗೋಸ್ಕರವೂ ಬಿಟ್ಟಿರಲಿಲ್ಲ. ನಾನಿಲ್ಲದಿದ್ದರೆ ಸಾಕಾಗಿತ್ತು ನಿನಗೆ.

ಅವತ್ತು ಸಂಜೆಯೂ ನಿನ್ನ ಫೋನ್ ಬಂತು. ಎಲ್ಲಿ ಇಳಿಯೋಣ? ಇನ್ನೂ ಯೋಚಿಸಬೇಕು ಎಂದೆ. ಸೆಪ್ಟೆಂಬರ್ ಮುಗಿಯುವವರೆಗೂ ಅದನ್ನೇ ಹೇಳಿದೆ. ಒಮ್ಮೆ ಚಳಿ ಜಾಸ್ತಿ ಎಂದೆ, ಒಮ್ಮೆ ರೂಮಿಲ್ಲ ಎಂದೆ. "ಎಷ್ಟು ಸತಾಯಿಸ್ತೀಯೇ, ಒಂದು ದಿನದ ವಿಷ್ಯಕ್ಕೆ" ಎಂದು ನೀನು ರೇಗಿದೆ. ತೀರ್ಮಾನವಾದರೆ ನಾಳೆಯಿಂದ ನೀನು ಯಾವ ನೆಪಕ್ಕೆ ಫೋನ್ ಮಾಡುತ್ತೀಯ, ಹೇಳು?

ಕೊನೆಗೆ ನಿನ್ನ ಆಲ್ಪ್ ಗ್ರ್ಯೂಮ್ ಅನ್ನೇ ಆರಿಸಿದೆ. ಕೆಂಪು ರೈಲು ನಮ್ಮನ್ನಿಳಿಸಿ ಹೋಯಿತು. ಇಳಿಜಾರಿನ ತುಂಬ ಹಳದಿ ಲಾರ್ಚ್, ಮೇಲೆ ಹಿಮ. ಕಟಕಟೆ ಹಿಡಿದು ನಿಂತ ನಿನ್ನ ಮುಖ ನೋಡಿದೆ. ಅಷ್ಟು ಹಗುರವಾದ ಮುಖವನ್ನು ನಮ್ಮ ಮನೆಯಲ್ಲಿ ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅದಕ್ಕೇ ಮಧ್ಯಾಹ್ನದ ಸೂಪು ಆರುವ ಮೊದಲೇ ಹೇಳಿಬಿಟ್ಟೆ: ನಿನ್ನ ಫ್ಲ್ಯಾಟ್ ನೋಡಿದ್ದೇನೆ. ನೀನು ಅತ್ತುಬಿಟ್ಟೆ. "ನಿಂದೇನೂ ತಪ್ಪಿಲ್ಲ ಕಣೆ ಹಿತಾ. ಮನೆ ಬಾಗಿಲಿಗೆ ಬಂದ್ರೆ ಬೆಲ್ ಒತ್ತೋಕೆ ಕೈ ಬರಲ್ಲ. ಯಾಕೇಂತ ನಂಗೂ ಗೊತ್ತಿಲ್ಲ" ಎಂದೆ. ನಾನು ಮಾಡಿದ್ದು ಏನಾದರೂ ಇದ್ದಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಏನೂ ಇಲ್ಲವೆಂದೆಯಲ್ಲ, ಅದಕ್ಕೆ ಏನು ಮಾಡಲಿ?

ಮಾರನೆಯ ಬೆಳಿಗ್ಗೆ ನಾನು ಪೊಸ್ಕಿಯಾವೊದಲ್ಲಿ ಇಳಿದೆ. ನೀನು ಬ್ಯಾಗ್ ಇಳಿಸಿಕೊಟ್ಟು ಮತ್ತೆ ರೈಲು ಹತ್ತಿದೆ. ಊರು ಚೆನ್ನಾಗಿದೆ, ಕೇಕ್ ತಿಂದೆ ಎಂದು ಮೆಸೇಜ್ ಕಳಿಸಿದ್ದೆನಲ್ಲ, ಅದೂ ಸುಳ್ಳು. ಚರ್ಚಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಮೆಟ್ಟಿಲು ಗುಡಿಸುತ್ತಿದ್ದ ಮುದುಕಿಯೊಬ್ಬಳು ಅವಳ ಭಾಷೆಯಲ್ಲಿ ಏನೋ ಕೇಳಿದಳು. ನಾನು ಕನ್ನಡದಲ್ಲೇ ಎಲ್ಲವನ್ನೂ ಹೇಳಿದೆ, ನಿನ್ನ ಹೂಕೋಸಿನವರೆಗೂ. ಒಂದಕ್ಷರ ತಿಳಿಯದಿದ್ದರೂ ಪೊರಕೆ ಬದಿಗಿಟ್ಟು, ನಾನು ಮುಗಿಸುವ ತನಕ ನನ್ನ ಮೊಣಕೈ ಹಿಡಿದುಕೊಂಡು ಕುಳಿತಿದ್ದಳು.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲಾರೆ. ಆದರೆ ನೀನು ಸಿಳ್ಳೆ ಹಾಕುವುದು ನಿಲ್ಲಲಿ ಎಂದೂ ನಾನು ಬಯಸಲಿಲ್ಲ.

ಹಿತಾ

ಮರೆತದ್ದು: ಎರಡು ತಿಂಗಳಿಂದ ಪ್ರತಿ ಭಾನುವಾರ ಮೈಸೂರಿನಿಂದ ನಿನ್ನಮ್ಮ ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿದ್ದೀಯ ಎನ್ನುತ್ತಿದ್ದೇನೆ. ಹೋದ ವಾರ ಅತ್ತೆ, "ಅದೆಷ್ಟ್ ಸ್ನಾನ ಮಾಡ್ತಾನವ್ವ ಇವ್ನು" ಎಂದು ನಕ್ಕರು. ಆಮೇಲೆ, "ಹೋಗ್ಲಿ ಬುಡು, ನೀನ್ ಉಂಡಾ ಮಗಾ?" ಎಂದು ಕೇಳಿದರು. ನಾಳೆ ನೀನೇ ಅವರಿಗೆ ಫೋನ್ ಮಾಡು. ನನ್ನ ಕೈಲಿ ಇನ್ನಾಗುವುದಿಲ್ಲ.