ಹಾಲಿನ ಮೇಲೆ ಹೊರಿಸಿದ ತಪ್ಪು

ಮಾರ್ಚ್ ೧೪, ಭಾನುವಾರ

ಪುಟ್ಟಿ,

ನೀನೂ ನಿನ್ನ ಮಡಿಲಿನ ಹೊಸಬನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅವನ ಫೋಟೋ ಬಂದು ಇಷ್ಟು ದಿನವಾದರೂ ಅಮ್ಮ ಒಂದು ಸಾಲು ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಕೋಪವೇ ನನಗಿಂತ ಮುಂಚೆ ಬಂದು ಕೂರುತ್ತಿತ್ತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೇ ಗೊತ್ತು. ಊಟ ಆಯ್ತಾ, ಮಗು ಮಲಗಿತಾ, ಅಷ್ಟಕ್ಕೇ ಮುಗಿದುಹೋಗುತ್ತದೆ.

ನಮ್ಮ ಲಸಿಕೆ ಸಂಶೋಧನಾ ಕೇಂದ್ರದಲ್ಲಿ ಕಾಯುವ ಕೋಣೆಗೆ ಹೊಸ ಬಣ್ಣ ಬಳಿದಿದ್ದಾರೆ. ಕುರ್ಚಿಗಳು ಮಾತ್ರ ಹಳೆಯವೇ. ಒಬ್ಬರು ಕೂತರೆ ಕಿರ್ ಅಂದು ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸುತ್ತವೆ. ನಾನು ಅದೇ ಬಾಗಿಲ ಹತ್ತಿರ ನಿಂತು ತಾಯಂದಿರನ್ನು ಒಳಗೆ ಕಳಿಸುತ್ತೇನೆ.

ಮೊನ್ನೆ ನಿನ್ನ ಗಂಡ ಫೋನ್ ಮಾಡಿದ್ದರು. ನಿನಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಮಾತಾಡಿದರು. ಹೊಸಬನಿಗೆ ಲಸಿಕೆಯ ಹನಿ ಹಾಕಿಸುವ ದಿನ ಹತ್ತಿರ ಬಂತು ಅಂತ ನೀನು ಎದೆಹಾಲು ನಿಲ್ಲಿಸಿ ಬಾಟಲಿ ಹಿಡಿದಿದ್ದೀಯಂತೆ. ಯಾಕೆ ಅಂತ ಕೇಳಿದರೆ ಎದ್ದು ಹೋಗುತ್ತೀಯಂತೆ. ನೀವೇ ಹೇಳಿ ಅತ್ತೆ, ನನ್ನ ಮಾತಿಗೆ ಅವಳು ಸೊಪ್ಪು ಹಾಕೋಲ್ಲ ಅಂದರು. ಕಾರಣ ಅವರಿಗೆ ತಿಳಿಯದಿರಬಹುದು, ನನಗೆ ತಿಳಿದಿದೆ. ಆ ಸಭೆಯ ಮಾತು ಪೇಪರಿನಲ್ಲಿ ಬಂದ ದಿನ ನೀನು ನನ್ನ ಅಡುಗೆಮನೆಯಲ್ಲೇ ಇದ್ದೆ.

ಲಸಿಕೆ ಪ್ರಯೋಗದ ಫಲ ಹೇಳಿದ ಆ ಸಭೆಗೆ ಕುರ್ಚಿ ಜೋಡಿಸಿದವಳು ನಾನೇ. ಇಬ್ಬರ ಹತ್ತಿರ ಮಾತಾಡುವಾಗಲೂ ಇನ್ನೂರು ಜನಕ್ಕೆ ಭಾಷಣ ಮಾಡುವ ನಮ್ಮ ದೊಡ್ಡ ಡಾಕ್ಟರಿಗೆ ನೀನು ‘ಮೈಕು’ ಅಂತ ಹೆಸರಿಟ್ಟಿದ್ದೆಯಲ್ಲ, ಅವರೇ ಪರದೆಯ ಮುಂದೆ ನಿಂತಿದ್ದರು. ವಾಂತಿಭೇದಿ ತಡೆಯಲು ಬಾಯಿಗೆ ಹಾಕುವ ಈ ಹೊಸ ಲಸಿಕೆ ಬೇರೆ ಕಡೆ ಚೆನ್ನಾಗಿ ಕೆಲಸ ಮಾಡಿದೆ, ಇಲ್ಲಿಯ ಮಕ್ಕಳಲ್ಲಿ ಅಷ್ಟಾಗಿ ಹಿಡಿದಿಲ್ಲ ಅಂದರು. ಕಾರಣ ಹಲವು ಇರಬಹುದು, ತಾಯಿಯ ಹಾಲು ಹನಿಯ ಬಲ ಕುಗ್ಗಿಸುವುದೂ ಒಂದಿರಬಹುದು ಅಂದರು. ಅಲ್ಲಿಗೆ ನಿಲ್ಲಿಸಬಾರದಿತ್ತೇ? “ಇಲ್ಲಿ ನಮ್ಮ ಎದುರಾಳಿ ರೋಗ ಅಲ್ಲ, ಅಮ್ಮ” ಅಂದುಬಿಟ್ಟರು. ಎಲ್ಲರೂ ನಕ್ಕರು. ಮರುದಿನ ಪೇಪರಿನವರು ಉಳಿದದ್ದೆಲ್ಲ ಬಿಟ್ಟು ಅದೊಂದನ್ನೇ ದಪ್ಪ ಅಕ್ಷರದಲ್ಲಿ ಹಾಕಿದರು.

ನೀನು ಅದನ್ನು ಓದಿ, ಮಡಚಿ, ಸಕ್ಕರೆ ಡಬ್ಬದ ಕೆಳಗೆ ಇಟ್ಟೆ. ಸೀಟಿ ಊದಿದ ಹಾಗೆ ಅಳುತ್ತಾಳೆ ಅಂತ ನಾವು ಹೆಸರಿಟ್ಟಿದ್ದ ನಿನ್ನ ಚೊಚ್ಚಲು, ನಮ್ಮ ‘ಸೀಟಿ’, ವಾಂತಿಭೇದಿಯಲ್ಲಿ ಹೋಗಿ ಆಗ ಇನ್ನೂ ನಾಲ್ಕು ತಿಂಗಳು.

ನಿನ್ನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನಾನು ಊಹಿಸಬಲ್ಲೆ. ಹನಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಹಾಲು ಕೊಡಬಾರದು ಅಂತ ಆಗ ನಿಯಮ ಇತ್ತು. ಸೀಟಿಗೆ ಹನಿ ಹಾಕಿಸಿದ ದಿನ ಆ ಕಾಯುವ ಕೋಣೆಯಲ್ಲಿ ಹಸಿದ ಮಕ್ಕಳೆಲ್ಲ ಸೂರು ಕಿತ್ತುಹೋಗುವ ಹಾಗೆ ಅಳುತ್ತಿದ್ದವು. ಅಷ್ಟರ ಮಧ್ಯೆಯೂ ನಮ್ಮವಳ ಸೀಟಿಯೇ ಬೇರೆ. ನೀನು ಗೋಡೆ ಕಡೆ ತಿರುಗಿ, ಟವೆಲ್ ಹೊದ್ದುಕೊಂಡು ಅವಳನ್ನು ಎದೆಗೆ ಎಳೆದುಕೊಂಡೆ. ಸೀಟಿ ನಿಂತಿತು. ಇಡೀ ಕೋಣೆಗೆ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ. ಪಕ್ಕದವಳಂತೂ ನಿನ್ನನ್ನು ನೋಡಿ ತಾನೂ ಗೋಡೆ ಕಡೆ ತಿರುಗಿದಳು.

ಅಷ್ಟಕ್ಕೆ ನೀನು ನಿನ್ನ ಹಾಲನ್ನೇ ಕೊಲೆಗಾರ ಮಾಡಿಬಿಟ್ಟೆಯಾ ಮಗಳೇ?

ಫೋನ್ ಇಟ್ಟವಳೇ ಮೈಕಿನ ಕೋಣೆಗೆ ಹೋದೆ. ಇಷ್ಟು ವರ್ಷದಲ್ಲಿ ಕರೆಯದೆ ಹೋದದ್ದು ಅದೇ ಮೊದಲು. ಆ ಮಾತು ಹಿಂದಕ್ಕೆ ತಗೊಳ್ಳಿ ಸಾರ್ ಅಂದೆ. ಯಾವ ಮಾತು ಅಂತ ಅವರಿಗೆ ನೆನಪೇ ಇರಲಿಲ್ಲ! ಹೇಳಿದ ಮೇಲೆ ನಕ್ಕು, ಅದು ತಮಾಷೆ ಅಮ್ಮ, ಸಭೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು ಅಂದರು.

“ಸಭೆಯಲ್ಲಿದ್ದವರು ಯಾರೂ ಮಗುವನ್ನು ಮಣ್ಣು ಮಾಡಿ ಬಂದಿರಲಿಲ್ಲ ಸಾರ್” ಅಂದೆ.

ಅವರು ಫೋನ್ ನೋಡಿಕೊಂಡರು. ನಾನು ಸ್ವಲ್ಪ ದಿನ ರಜೆ ತಗೊಂಡರೆ ಒಳ್ಳೆಯದು ಅಂತ ಸಂಜೆ ಆಫೀಸಿನಿಂದ ಹೇಳಿಕಳಿಸಿದರು. ನಾನು ತಗೊಳ್ಳಲಿಲ್ಲ.

ಸೀಟಿಗೆ ಹನಿ ಹಾಕಿದ್ದ ಚಿಕ್ಕ ಡಾಕ್ಟರಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಕಿರ್ ಅನ್ನುವ ಕುರ್ಚಿಯಲ್ಲೇ ಪಕ್ಕಕ್ಕೆ ಕೂತರು. ಹಾಲಿನ ಕೆಲಸವೇ ಮಗುವಿನ ಹೊಟ್ಟೆಗೆ ಬಂದ ರೋಗಾಣುಗಳನ್ನು ಹಿಡಿಯುವುದಂತೆ. ನಮ್ಮ ಹನಿಯಲ್ಲಿರುವುದೂ ಹಲ್ಲು ಕಿತ್ತ ರೋಗಾಣುವೇ, ಹಾಲು ಅದನ್ನೂ ಸ್ವಲ್ಪ ಹಿಡಿಯಬಹುದಂತೆ. “ರಿಪೇರಿ ಆಗಬೇಕಾದ್ದು ನಮ್ಮ ಹನಿ, ತಾಯಂದಿರ ಹಾಲಲ್ಲ” ಅಂದರು. ಒಂದು ಗಂಟೆ ಹಾಲು ತಪ್ಪಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ ಅಂತ ಆ ನಿಯಮವನ್ನೇ ಕಿತ್ತುಹಾಕಿದ್ದಾರೆ. ಕಿತ್ತದ್ದನ್ನು ಯಾವ ಪೇಪರೂ ದಪ್ಪ ಅಕ್ಷರದಲ್ಲಿ ಹಾಕಲಿಲ್ಲ ನೋಡು.

ಹನಿಯ ಮೇಲೆ ನನಗೆ ಸಿಟ್ಟಿಲ್ಲ. ಸೂಜಿಯ ನೋವಿಲ್ಲದೆ ನಾಲಿಗೆಯ ಮೇಲೆ ಬೀಳುವ ಮದ್ದು ಒಳ್ಳೆಯದೇ. ಹೊಸಬನಿಗೂ ತಪ್ಪದೆ ಹಾಕಿಸು. ಆ ದಿನವೂ ಅವನು ಕೇಳಿದಾಗಲೆಲ್ಲ ಹಾಲು ಕೊಡು. ನಿಲ್ಲಿಸಿ ಹೆಚ್ಚು ದಿನ ಆಗಿಲ್ಲ, ಮಗು ಚೀಪಿದರೆ ಮತ್ತೆ ಬರುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದಾರೆ.

ನಿನ್ನ ಮಡಿಲು ತುಂಬಿರಲಿ, ಹೊಸಬನ ಹೊಟ್ಟೆ ಸದಾ ತಣ್ಣಗಿರಲಿ. ನಿನ್ನ ಗಂಡನಿಗೂ ನನ್ನ ಆಶೀರ್ವಾದ ತಿಳಿಸು. ಅವರು ಫೋನ್ ಮಾಡಿದ್ದಕ್ಕೆ ಜಗಳ ತೆಗೆಯಬೇಡ.

ನಿನ್ನ
ಅಮ್ಮ

ಮರೆತ ಮಾತು ಅಂತ ಇಲ್ಲಿ ಬರೆಯಲಾರೆ. ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸೀಟಿ ಹೋದ ಮೇಲೆ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹಾಲು ಹಿಂಡಿ ಚೆಲ್ಲುತ್ತಿದ್ದದ್ದು ನನಗೆ ಗೊತ್ತಿತ್ತು. ಆ ನಲ್ಲಿಯ ಸದ್ದು ಇವತ್ತಿಗೂ ಕಿವಿಯಿಂದ ಹೋಗಿಲ್ಲ. ಅರ್ಧ ಮಕ್ಕಳಿಗೆ ಲಸಿಕೆ, ಇನ್ನರ್ಧಕ್ಕೆ ಹಾಗೇ ಕಾಣುವ ಸಿಹಿನೀರು ಅಂತ ಪ್ರಯೋಗಕ್ಕೆ ಸೇರಿಸಿ ಸಹಿ ಹಾಕುವಾಗಲೇ ಹೇಳಿದ್ದರಲ್ಲ. ಯಾರಿಗೆ ಯಾವುದು ಅಂತ ಹಾಕುವವರಿಗೂ ಗೊತ್ತಿರಲಿಲ್ಲ. ನಮ್ಮವಳು ಮುಖ ಹುಳ್ಳಗೆ ಮಾಡಿದಳು ಅಂತ ನಾವು ಮದ್ದೇ ಸಿಕ್ಕಿತು ಅಂದುಕೊಂಡೆವು. ಸಭೆಗೆ ಮುಂಚೆಯೇ ಗುಟ್ಟಿನ ಪಟ್ಟಿ ತೆರೆದು, ಯಾವ ಮಗುವಿಗೆ ಯಾವುದು ಅಂತ ಕೇಂದ್ರದವರಿಗೆ ತಿಳಿದಿತ್ತಂತೆ. ನಾವು ಕೇಳಿದ್ದರೆ ಹೇಳುತ್ತಿದ್ದರಂತೆ. ಕೇಳಬಹುದು ಅಂತ ನಮಗೆ ಯಾರು ಹೇಳಿದ್ದರು? ಮೊನ್ನೆ ನಾನು ಕೇಳಿದೆ. ಡಾಕ್ಟರಮ್ಮ ಒಳಗೆ ಹೋಗಿ ನೋಡಿ ಬಂದು ನನ್ನ ಕೈ ಹಿಡಿದುಕೊಂಡರು. ಸೀಟಿಗೆ ಸಿಕ್ಕಿದ್ದು ಸಿಹಿನೀರು. ಪುಟ್ಟಿ, ಆ ದಿನ ಆ ಕೋಣೆಯಲ್ಲಿ ನಮ್ಮ ಮಗು ಕುಡಿದದ್ದರಲ್ಲಿ ಮದ್ದು ಅಂತ ಇದ್ದದ್ದು ನಿನ್ನ ಹಾಲು ಒಂದೇ.