ಮೂರು ಭಾಷೆಯ ಸೀರೆ

ಪ್ರೀತಿಯ ರಶ್ಮಿತಾ,

ಈ ಕಾಗದವನ್ನು ಯಾವ ವಿಳಾಸಕ್ಕೆ ಕಳಿಸಬೇಕೋ ತಿಳಿಯದು. ನಿನ್ನ ಗಂಡನ ಊರು ಆಂಧ್ರದ ಗಡಿ ದಾಟಿ ಎಲ್ಲೋ ಇದೆ ಎಂದಷ್ಟೇ ಗೊತ್ತು. ಹತ್ತನೇ ತರಗತಿಯ ಹುಡುಗಿಗೆ ಗಂಡನ ಊರು ಎಂದು ಬರೆಯುವಾಗಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಮೊಳಕಾಲ್ಮೂರಿನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಪೀರಿಯಡ್ ಬಂದರೆ ನಿಮ್ಮೆಲ್ಲರ ಬಾಯಿಗೆ ಬೀಗ ಬೀಳುತ್ತಿತ್ತು. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ಮನೆಯ ಒಂದು ವಸ್ತುವಿನ ಬಗ್ಗೆ ವಿಡಿಯೋ ಮಾಡಿ, ಫೋಟೊ, ದನಿ, ಬರಹ ಎಲ್ಲವೂ ಇರಲಿ, ಇಂಗ್ಲಿಷ್ ಕೈಕೊಟ್ಟ ಕಡೆ ಕನ್ನಡವೋ ತೆಲುಗೋ ಬರಲಿ ಎಂದೆ. "ಇಂಗ್ಲಿಷ್ ಪೀರಿಯಡ್‌ನಾಗೆ ತೆಲುಗು ಯಾಕ್ರೀ ಮೇಡಂ?" ಎಂದು ಹೆಡ್‌ಮಾಸ್ಟರು ಮೂಗು ಮುರಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಳ್ಳಕೆರೆಯ ಎಣ್ಣೆ ಅಂಗಡಿಯ ಮನೆಯಲ್ಲಿ ಬೆಳೆದವಳು ನಾನು. ಮೂರು ಭಾಷೆ ಬೆರೆಸದೆ ನಮ್ಮಲ್ಲಿ ಒಂದು ಡಬ್ಬಿ ಎಣ್ಣೆಯೂ ಮಾರಾಟವಾಗುತ್ತಿರಲಿಲ್ಲ.

ನೀನು ಮಗ್ಗದ ಮೇಲಿನ ಸೀರೆಯನ್ನು ಆರಿಸಿಕೊಂಡೆ. ನಿನ್ನ ಅವ್ವ ಕಾಟಮ್ಮ ನೇಯುತ್ತಿದ್ದ ರೇಷ್ಮೆ ಸೀರೆ ದಿನದಿನಕ್ಕೂ ಬೆಳೆಯುವ ಫೋಟೊಗಳು, ಅಂಚು ಸೆರಗುಗಳಿಗೆ ಕನ್ನಡದ ಹೆಸರು, ಕೆಳಗೆ ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ, ಹಿಂದೆ ಮಗ್ಗದ ಲಾಳಿಯ ಸದ್ದು. "ಮಿಸ್, ಇದು ಸರಿ ಐತಾ?" ಎಂದು ಸ್ಟಾಫ್ ರೂಮಿಗೆ ಬಂದು ನನ್ನ ತಲೆ ತಿನ್ನುತ್ತಿದ್ದೆ. ಕೊನೆಯ ತುಣುಕನ್ನು ಮಾತ್ರ ತೋರಿಸಲಿಲ್ಲ. ಆ ಸೀರೆಯನ್ನು ಮಾರಾಟಕ್ಕೆ ನೇಯುತ್ತಿದ್ದಾರೆ ಎಂದುಕೊಂಡಿದ್ದೆ.

ಪೋಷಕರ ಸಭೆಯ ದಿನ ವಿಡಿಯೋಗಳ ಸ್ಪರ್ಧೆ ಇಟ್ಟು ನಿನ್ನದನ್ನೂ ಪರದೆಯ ಮೇಲೆ ಹಾಕಿದೆವು. ಮುಂದಿನ ಸಾಲಿನಲ್ಲೇ ನಿನ್ನ ಅಪ್ಪ ಯರ್ರಪ್ಪ ಕೂತಿದ್ದರು. ಸೀರೆ ಪೂರ್ತಿಯಾಯಿತು, ಚಪ್ಪಾಳೆ ಬಿತ್ತು, ಆಮೇಲೆ ನಿನ್ನ ದನಿ ಬಂತು. "ಈ ಚೀರ ನಾಕೊದ್ದು. ಪೆಳ್ಳಿ ವದ್ದು. ನೇನು ಚದುವುಕುಂಟಾ." ಸೀರೆ ಬೇಡ, ಮದುವೆ ಬೇಡ, ಓದುತ್ತೇನೆ. ಅಲ್ಲಿ ತೆಲುಗು ಬಾರದವರು ಹೊರಗಿನಿಂದ ಬಂದಿದ್ದ ತೀರ್ಪುಗಾರರೊಬ್ಬರೇ. ಮಿಕ್ಕವರೆಲ್ಲ ತಲೆ ತಗ್ಗಿಸಿ ಕೂತರು. ಕೊನೆಗೆ ಏನು ಹೇಳಿದೆಯಮ್ಮ ಎಂದು ತೀರ್ಪುಗಾರರು ಇಂಗ್ಲಿಷಿನಲ್ಲಿ ಕೇಳಿದರು. ನೀನು ಅಪ್ಪನ ಮುಖ ನೋಡಿದೆ. ಈ ಸೀರೆ ಬಹಳ ಚೆಂದ ಇದೆ ಎಂದೆ, ಇಂಗ್ಲಿಷಿನಲ್ಲೇ, ಒಂದೂ ತಪ್ಪಿಲ್ಲದೆ. ನಿನಗೇ ಮೊದಲ ಬಹುಮಾನ ಕೊಟ್ಟರು.

ಅವಳು ಹೇಳಿದ್ದು ಅದಲ್ಲ ಎಂದು ಹೇಳಲು ನಾನು ಎದ್ದು ನಿಂತೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಮೈಕ್ ಹಿಡಿದು ವಂದನಾರ್ಪಣೆ ಶುರುಮಾಡಿದ್ದರು. ಸಂಜೆ ನಿಮ್ಮ ಮನೆಗೆ ಬಂದೆ. "ಹುಡುಗ್ರ ಮಾತು ಬಿಡ್ರಿ ಮೇಡಂ, ಓದಿಸ್ತೀವಿ," ಎಂದು ನಿನ್ನ ಅಪ್ಪ ಟೀ ಕೊಟ್ಟು ಕಳಿಸಿದರು. ನಾನು ನಂಬಲಿಲ್ಲ. ಮರುದಿನ ಬೆಳಿಗ್ಗೆ ಮಕ್ಕಳ ಸಹಾಯವಾಣಿಯವರನ್ನು ಕರೆದುಕೊಂಡು ಬಂದಾಗ ಬಾಗಿಲಿಗೆ ಬೀಗವಿತ್ತು. ಮಗ್ಗ ಖಾಲಿಯಾಗಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಮೊನ್ನೆ ನಿನ್ನ ಟಿ.ಸಿ. ಕೇಳಲು ಅವ್ವ ಒಬ್ಬರೇ ಶಾಲೆಗೆ ಬಂದಿದ್ದರು. ಮಗಳ ದನಿ ಒಂದು ಸಲ ಕೇಳಿಸಿ ಎಂದರು. ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ಸೆರಗಿನಿಂದ ಫೋನು ಒರೆಸಿ ನನ್ನ ಕೈಗಿಟ್ಟು ಹೇಳಿದರು: "ಆ ಮಾತು ಹೇಳಿಕೊಟ್ಟಿದ್ದು ನಾನೇ ಮೇಡಂ. ಮನೇಲಿ ನನ್ ಮಾತು ನಡಿಯಲ್ಲ. ಸಾಲ್ಯಾಗೆ ಓದಿದೋರು ಅಷ್ಟು ಜನ ಕೂತಿರ್ತಾರೆ, ಒಬ್ಬರಾದ್ರೂ ತಡೀತಾರೆ ಅಂದ್ಕಂಡಿದ್ದೆ."

ನಿನಗೆ ಇದು ಮೊದಲೇ ಗೊತ್ತಿತ್ತು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ನೀನಿರುವ ಊರಲ್ಲಿ ನಿನ್ನ ಮಾತಿಗೆ ತಲೆ ತಗ್ಗಿಸದ ಒಬ್ಬರಾದರೂ ಸಿಗಲಿ, ಮಗಳೇ.

ನಿನ್ನ,
ನಿರ್ಮಲಾ ಮಿಸ್