ನಾಲ್ಕನೆಯ ನ್ಯೂಟ್ರಾನ್

ಫೆಬ್ರವರಿ 11, ಮಂಗಳವಾರ
ಭದ್ರಾವತಿಯಿಂದ ಎಂಟೂಕಾಲರ ಬಸ್ಸು. ನಿಂತೇ ಬಂದೆ. ಶಿವಮೊಗ್ಗದ ಲ್ಯಾಬಿನಲ್ಲಿ ನಾನೊಬ್ಬಳೇ — ಜೊತೆಗೆ ರಿಸರ್ಚ್ ಮಾಡುವ ತ್ರಿವಿಕ್ರಮ ಟಾರ್ಗೆಟ್ ಹಿಡಿದುಕೊಂಡು ದೆಹಲಿ ಸೇರಿದ್ದಾನೆ. ಗುರುವಾರ ಅಲ್ಲಿನ ಆಕ್ಸಿಲರೇಟರಿನಲ್ಲಿ ನಮಗೆ ಬೀಮ್, ಟಾರ್ಗೆಟ್‌ಗೆ ಬಡಿಯುವ ನ್ಯೂಕ್ಲಿಯಸ್‌ಗಳ ಧಾರೆ. ಎರಡು ವರ್ಷ ಕಾದು ಸಿಕ್ಕಿದ್ದು. ಅವನ ಪಿಎಚ್‌ಡಿ ಅದರ ಮೇಲೆಯೇ ನಿಂತಿದೆ. ಬೀಮಿನ ಎನರ್ಜಿ ಎಷ್ಟಿರಬೇಕು ಎಂಬ ಲೆಕ್ಕ ನನ್ನದು.

ಎರಡು ನ್ಯೂಕ್ಲಿಯಸ್ ಕೂಡಿ ಒಂದಾದಾಗ ವಿಪರೀತ ಬಿಸಿ. ನ್ಯೂಟ್ರಾನ್ ಉಗುಳಿ ತಣಿಯುತ್ತದೆ; ಬೀಮಿನ ಎನರ್ಜಿ ಹೆಚ್ಚಿದ್ದಷ್ಟೂ ಹೆಚ್ಚು ನ್ಯೂಟ್ರಾನ್. ನಾಲ್ಕು ಉಗುಳಿದರೆ ಇದುವರೆಗೆ ಯಾರೂ ನೋಡದ ನ್ಯೂಕ್ಲಿಯಸ್ ಉಳಿಯುತ್ತದೆ. ಮೂರಕ್ಕೇ ನಿಂತರೆ ಎಲ್ಲರಿಗೂ ಗೊತ್ತಿರುವ ಹಳೆಯದು.

ಫೆಬ್ರವರಿ 12, ಮಧ್ಯಾಹ್ನ
ತ್ರಿವಿಕ್ರಮ ಫೋಟೋ ಕಳಿಸಿದ. ಚೇಂಬರಿನೊಳಗೆ ಟಾರ್ಗೆಟ್, ಪಕ್ಕದಲ್ಲಿ ಅವನ ಹೆಬ್ಬೆರಳು. ದೊಡ್ಡದು ಮಾಡಿ ನೋಡಿದೆ. ಬೀಮ್ ಬರುವ ಕಡೆಗೆ ಅಲ್ಯುಮಿನಿಯಂ ಫಾಯಿಲ್, ಹೊಳೆಯುತ್ತಿದೆ. ಟಾರ್ಗೆಟ್ ಅದರ ಬೆನ್ನಿಗೆ.

ಅವನು ಸರಿಯಾಗಿಯೇ ಇಟ್ಟಿದ್ದಾನೆ. ನನ್ನ ಲೆಕ್ಕದಲ್ಲಿ ಫಾಯಿಲ್ಲೇ ಇಲ್ಲ. ಅದನ್ನು ದಾಟುವಷ್ಟರಲ್ಲಿ ಬೀಮ್ ಸೊರಗುತ್ತದೆ. ನಾಲ್ಕನೆಯದು ಹೊರಡುವುದಿಲ್ಲ.

ಅದೇ ದಿನ, ಸಂಜೆ
ಆಲ್ಕೊಳ. ಗೈಡ್ ಶಿವಯೋಗಪ್ಪ ಸರ್ ಮನೆ. ಎನರ್ಜಿ ಏರಿಸಬೇಕು ಎಂದೆ.

“ಈಗೇನಮ್ಮ? ಕಮಿಟಿ ಪಾಸ್ ಮಾಡಿದ ನಂಬರ್ ಅದು. ನಾಳೆ ಬೀಮ್ ಇಟ್ಕೊಂಡು ಬದಲಾಯ್ಸಿ ಅಂದ್ರೆ ನಗ್ತಾರೆ. ನಿನ್ ಮಾಡೆಲ್ಲೇ ಸ್ವಲ್ಪ ಆಚೀಚೆ ಇರುತ್ತಲ್ಲ. ಬಿಡು, ಅಡ್ಜಸ್ಟ್ ಆಗುತ್ತೆ.”

ಆಗುವುದಿಲ್ಲ. ಆದರೆ ಮಾಡೆಲ್ ಆಚೀಚೆ ಇರುವುದು ನಿಜ. ಕಾಫಿ ಕುಡಿದು ಎದ್ದುಬಂದೆ.

ಅನುವಾದದ ಕಾದಂಬರಿಗಳಲ್ಲಿ ಜನ ಪುಟಗಟ್ಟಲೆ ತಪ್ಪೊಪ್ಪಿಕೊಳ್ಳುತ್ತಾರೆ. ನನಗೆ ಒಂದು ವಾಕ್ಯ ಸಾಕು. ಮೆಸೇಜ್ ಬರೆದೆ, ಅಳಿಸಿದೆ. ಕೊನೆಗೆ ಬಸ್ಸಿನಿಂದ ತ್ರಿವಿಕ್ರಮನಿಗೆ ಫೋನ್ ಮಾಡಿದೆ. ನಾನು ಫೋನ್ ಮಾಡುವವಳಲ್ಲ.

“ಮಾರಾಯ್ತಿ, ನೀನಾ? ಯಾರು ಹೋದ್ರು?”

ಹೇಳಿದೆ.

“ಸರ್ ಏನಂದ್ರು?”

“ಬೇಡ ಅಂದ್ರು.”

“ಏರ್ಸಿದ್ರೆ ಅರ್ಧ ದಿನ ಬೀಮ್ ಟ್ಯೂನಿಂಗ್‌ಗೇ ಹೋಗುತ್ತೆ. ಗ್ಯಾರಂಟಿನಾ?”

ಪ್ಲಸ್ ಮೈನಸ್ ಎಷ್ಟು ಎಂದು ಹೇಳಬಹುದಿತ್ತು. ಅವನು ಕೇಳಿದ್ದು ಅದಲ್ಲ.

“ಹೂಂ” ಅಂದೆ.

“ಸರಿ, ಇಲ್ಲಿಯವ್ರನ್ನ ಕೇಳ್ತೀನಿ. ಮುಳುಗಿದ್ರೆ ಇಬ್ರೂ.”

ಫೆಬ್ರವರಿ 15
ಎರಡು ದಿನ ಬರೆಯಲಾಗಲಿಲ್ಲ. ಎನರ್ಜಿ ಏರಿಸಿದರಂತೆ. ಯಾರ ಮಾತಿನ ಮೇಲೆ ಎಂದು ಸರ್ ಕೇಳಿದರು. ನನ್ನ ಮಾತಿನ ಮೇಲೆ ಎಂದೆ. ಆಮೇಲೆ ಅವರು ಮಾತಾಡಿಲ್ಲ. ತ್ರಿವಿಕ್ರಮನಿಗೆ ಮೆಸೇಜ್ — ಇನ್ನೂ ಒಂದೇ ಟಿಕ್.

ಫೆಬ್ರವರಿ 16, ಭಾನುವಾರ
ಅಮ್ಮ ದೋಸೆಗೆ ಕರೆಯುತ್ತಿದ್ದಾರೆ. ಈಗಷ್ಟೇ ತ್ರಿವಿಕ್ರಮನ ಮೆಸೇಜ್: ಫೋನ್ ತೆಗಿ, ಇದು ಟೈಪ್ ಮಾಡೋ ವಿಷಯ ಅಲ್ಲ.

ರಿಂಗ್ ಆಗುತ್ತಿದೆ. ಬರೆಯುತ್ತಲೇ ಸ್ಪೀಕರಿಗೆ ಹಾಕಿದೆ.

“ಮಾರಾಯ್ತಿ, ಸರ್‌ಗೆ ನೀನೇ ಹೇಳ್ಬೇಕು. ನಾಲ್ಕನೇದೂ ಹೊರಟಿದೆ—”